ಮೀನು, ಉಬ್ಬುವ: ನಗ 1

ಮಾರ್ಚ್ 31ರ ಮಧ್ಯಾಹ್ನ ಮೂರಕ್ಕೆ ಫೋನ್ ಬಂತು. 'ಸರ್, ನಿಮ್ಮ ಮನ್ಯಾಗ ಉಬ್ಬೂ ಮೀನಾ ಅದಾವಂತಲ್ರಿ? ಒಂದೀಟು ಬರ್ರಿ. ನಮ್ಮದು ಉಬ್ಬವಲ್ದು.'

ಬಾಗಲಕೋಟೆ ನವನಗರದ ಒಂದು ಕಚೇರಿ ಅದು. ಹೆಸರು ಬೇಡ, ಒಂದನ್ನು ಹೇಳಿದರೆ ಉಳಿದವಕ್ಕೆ ಬೇಜಾರಾದೀತು. ಅಂದು ರಾತ್ರಿಯೊಳಗೆ ಖರ್ಚಾಗದಿದ್ದರೆ ವಾಪಸ್ ಹೋಗುವ ಅನುದಾನವೊಂದು ಅಲ್ಲಿ ಮಿಕ್ಕಿತ್ತು. ಹೂಕುಂಡ ಹೋದ ವರ್ಷ ಕೊಂಡಾಗಿತ್ತು, ಅದರ ಹಿಂದಿನ ವರ್ಷವೂ ಕೊಂಡಾಗಿತ್ತು. ಆದ್ದರಿಂದ ಈ ಸಲ 'ಆವರಣ ಸೌಂದರ್ಯೀಕರಣ' ಶೀರ್ಷಿಕೆಯಡಿ ನಾಲ್ಕಡಿ ಉದ್ದದ ಅಕ್ವೇರಿಯಂ. ಸಂಜೆ ಐದಕ್ಕೆ ಉದ್ಘಾಟನೆ. ಉದ್ಘಾಟಿಸುವ ಸಾಹೇಬರಿಗೆ ಯಾರೋ ಮೊದಲೇ ಹೇಳಿಬಿಟ್ಟಿದ್ದರು, ಚೆಂಡಿನಂತೆ ಉಬ್ಬುವ ಮೀನೊಂದು ಬಂದಿದೆ ಎಂದು.

ಹೋಗಿ ನೋಡಿದೆ. ತೊಟ್ಟಿಗೆ ಚೆಂಡುಹೂವಿನ ಹಾರ ಹಾಕಿತ್ತು. ಕೆಳಗೆ ನೀಲಿ ಜಲ್ಲಿ, ನಡುವೆ ಪ್ಲಾಸ್ಟಿಕ್ ಕೋಟೆ, ಮುಂಜಾನೆಯಷ್ಟೇ ನಳದಿಂದ ಹಿಡಿದ ನೀರು. ಪಕ್ಕದ ಮೇಜಿನ ಮೇಲೆ ದಾಸ್ತಾನು ಪಟ್ಟಿ: 'ಮೀನು, ಬಣ್ಣದ: ನಗ 49. ಮೀನು, ಉಬ್ಬುವ: ನಗ 1.'

ಆ ಒಂದು ನಗ ಹೆಬ್ಬೆರಳಿನಷ್ಟಿತ್ತು. ಹಸಿರು-ಹಳದಿ ಬೆನ್ನು, ಅದರ ಮೇಲೆ ಶಾಯಿ ಸಿಡಿದಂಥ ಕಪ್ಪು ಚುಕ್ಕೆ, ಬಿಳಿ ಹೊಟ್ಟೆ. ಅಂಗಡಿಯಲ್ಲಿ ಇದನ್ನು ಗ್ರೀನ್ ಸ್ಪಾಟೆಡ್ ಪಫರ್ ಎನ್ನುತ್ತಾರೆ. ಪಫರ್‌ಗಳ ಕಣ್ಣು ಎರಡೂ ಬೇರೆಬೇರೆಯಾಗಿ ತಿರುಗುತ್ತವೆ. ಇದರ ಒಂದು ಕಣ್ಣು ನನ್ನನ್ನು ಅಳೆಯುತ್ತಿತ್ತು, ಇನ್ನೊಂದು ಪಕ್ಕದಲ್ಲಿ ಸುಳಿದ ಪುಟ್ಟ ಗಪ್ಪಿ ಮೀನಿನ ಬಾಲವನ್ನು. ಉಳಿದ 49 ನಗಗಳ ಗತಿ ಏನೆಂದು ನನಗೆ ಅಲ್ಲೇ ಗೊತ್ತಾಯಿತು.

ಸೂಪರಿಂಟೆಂಡೆಂಟರು ಪೆನ್ನಿನಿಂದ ಗಾಜು ಕುಟ್ಟುತ್ತ ನಿಂತಿದ್ದರು. 'ಮುಂಜಾನಿಂದ ಕುಟ್ಟಾಕತ್ತೀನ್ರಿ. ಒಂದ್ ಸಲಾನೂ ಉಬ್ಬಿಲ್ಲ. ಬಲೀಲೆ ಹೊರಗ ತಗದು ಹೆದರಿಸೋಣೇನ್ರಿ?'

ಬೇಡ ಎಂದು ಕೈಹಿಡಿದೆ. ಪ್ರಾಣಕ್ಕೆ ಬಂತು ಅನ್ನಿಸಿದಾಗ ಮಾತ್ರ ಈ ಮೀನು ನೀರನ್ನು ಗಟಗಟ ನುಂಗಿ ಹೊಟ್ಟೆ ಊದಿಸಿಕೊಳ್ಳುತ್ತದೆ. ಹೊರಗೆ ತೆಗೆದರೆ ನೀರಿನ ಬದಲು ಗಾಳಿ ನುಂಗುತ್ತದೆ. ಒಳಗೆ ಹೋದ ಗಾಳಿ ಸುಲಭಕ್ಕೆ ಹೊರಗೆ ಬರುವುದಿಲ್ಲ. ಹೊಟ್ಟೆ ಮೇಲಾಗಿ ತೇಲಿ ಸತ್ತರೂ ಸತ್ತಿತು. ಇದನ್ನೆಲ್ಲ ಹೇಳಿದೆ. ಅವರಿಗೆ ನಂಬಿಕೆಯಾಗಲಿಲ್ಲ. ಮೂವತ್ತು ವರ್ಷದ ಸರ್ವಿಸಿನಲ್ಲಿ ಅವರು ಜನ ಉಬ್ಬುವುದನ್ನು ಕಂಡದ್ದು ಶಾಲು ಹೊದಿಸಿದಾಗ ಮಾತ್ರ.

ನನಗೆ ಹೆಚ್ಚು ಚಿಂತೆಯಾದದ್ದು ನೀರಿನದು. ಮೀನು ಸಾಕುವವರ ಮೊದಲ ಪಾಠವೇ ಮೀನು ತರಬಾರದು ಎಂಬುದು. ಮೊದಲು ನೀರು ತುಂಬಿಸಿ, ಫಿಲ್ಟರ್ ಓಡಿಸಿ, ಚಿಟಿಕೆ ಚಿಟಿಕೆ ಮೇವು ಹಾಕಿ ಕೊಳೆಯಲು ಬಿಟ್ಟು, ತಿಂಗಳು ಒಂದೂವರೆ ತಿಂಗಳು ಖಾಲಿ ತೊಟ್ಟಿಯನ್ನೇ ನೋಡುತ್ತ ಕೂರಬೇಕು. ಕೊಳೆತ ಮೇವಿನಿಂದ, ಮೀನಿನ ಹೊಲಸಿನಿಂದ ಅಮೋನಿಯ ಎಂಬ ವಿಷ ಆಗುತ್ತದೆ. ಅದನ್ನು ನೈಟ್ರೈಟ್ ಮಾಡಲು ಒಂದು ಜಾತಿಯ ಬ್ಯಾಕ್ಟೀರಿಯ ಬೇಕು, ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡಲು ಇನ್ನೊಂದು. ಇವು ಫಿಲ್ಟರಿನ ಸ್ಪಂಜಿನಲ್ಲಿ ತಾವಾಗಿ ಸಂಸಾರ ಹೂಡುವ ತನಕ ಆ ತೊಟ್ಟಿ ಮೀನಿಗೆ ಮನೆಯಲ್ಲ, ಮೋರಿ. ನಳದ ನೀರಿನ ಕ್ಲೋರಿನ್ ಹೋಗಲು ಒಂದು ದಿನವಾದರೂ ತೆರೆದಿಡಬೇಕು, ಇಲ್ಲವೇ ಮದ್ದಿನ ಹನಿ ಹಾಕಬೇಕು. ಪಫರ್‌ಗೆ ಮೈಮೇಲೆ ಉಳಿದ ಮೀನುಗಳಂತೆ ಹುರುಪೆ ಇಲ್ಲ, ನೀರು ಕೆಟ್ಟರೆ ಬಹುಬೇಗ ತಟ್ಟುವುದು ಅದಕ್ಕೇ.

'ಒಂದೂವರಿ ತಿಂಗಳಽ?' ಸೂಪರಿಂಟೆಂಡೆಂಟರು ಗಡಿಯಾರ ನೋಡಿದರು. 'ನಮ್ಮ ಕಡೆ ಒಂದೂವರಿ ತಾಸೈತ್ರಿ.'

ಈ ಮಾತನ್ನು ಬಾಗಲಕೋಟೆಯಲ್ಲಿ ನಿಂತು ಕೇಳಬೇಕಾಯಿತಲ್ಲ ಎಂಬುದೇ ನನ್ನ ಸಂಕಟ. ನೀರಿನ ಲೆಕ್ಕವನ್ನು ಇಷ್ಟು ಕರಾರುವಾಕ್ಕಾಗಿ ಬಲ್ಲ ಊರು ಇನ್ನೊಂದಿಲ್ಲ. ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರಿಗೆ ನೀರು ನಿಂತರೆ ಹಳೇ ಊರಿನಲ್ಲಿ ಯಾವ ಓಣಿಯ ತನಕ ಹಿನ್ನೀರು, 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಾಧಿಕರಣ ಒಪ್ಪಿದ 524.256ಕ್ಕೆ ಏರಿದರೆ ಯಾರ ಮನೆ ಎಷ್ಟು ಎಂದು ಇಲ್ಲಿ ಚಹಾದಂಗಡಿಯ ಹುಡುಗನೂ ಮೂರು ದಶಮಾಂಶದ ತನಕ ಹೇಳುತ್ತಾನೆ. ಮುಳುಗಡೆಯಾಗಿ, ಪರಿಹಾರಕ್ಕೆ ಅಲೆದು, ಸೆಕ್ಟರ್ ನಂಬರ್ ಹಿಡಿದು ನವನಗರಕ್ಕೆ ಬಂದ ಮಂದಿ ನಾವು. ನೀರು ಸಿದ್ಧವಿಲ್ಲದ ಕಡೆ ಜೀವವನ್ನು ತಂದು ಬಿಡಬಾರದೆಂದು ನಮಗೆ ಪುಸ್ತಕ ಓದಿ ತಿಳಿಯಬೇಕೇ?

ಐದಕ್ಕೆ ಬರಬೇಕಿದ್ದ ಸಾಹೇಬರು ಏಳಕ್ಕೆ ಬಂದು ರಿಬ್ಬನ್ ಕತ್ತರಿಸಿದರು. ಪಫರ್ ಕೋಟೆಯ ಹಿಂದೆ ಅಡಗಿತ್ತು. ಸಾಹೇಬರು ಒಂದು ಗೋಲ್ಡ್‌ಫಿಶ್ ನೋಡಿ 'ಭಾಳ ಚಲೋ ಉಬ್ಬೈತಿ' ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮೂರನೇ ವಾರಕ್ಕೆ ಮತ್ತೆ ಫೋನ್. ದಾಸ್ತಾನು ಪರಿಶೀಲನೆಗೆ ಬಂದವರು ತೊಟ್ಟಿ ಎಣಿಸಿದ್ದರು. ನಗ 50 ಇರಬೇಕಾದಲ್ಲಿ ನಗ 1. ಅರ್ಧದಷ್ಟು ಮೊದಲ ವಾರ ಅಮೋನಿಯಕ್ಕೆ ಹೋಗಿದ್ದವು. ಉಳಿದವುಗಳ ಬಾಲ ಒಂದು ದಿನ, ರೆಕ್ಕೆ ಒಂದು ದಿನ, ಹೀಗೆ ಕಂತಿನ ಮೇಲೆ ಪಫರ್ ಮುಗಿಸಿತ್ತು. ಅದಕ್ಕೆ ಜೊತೆಗಾರರೆಂದರೆ ಊಟ. ಕಚೇರಿ ಇದನ್ನು ಕಡತದಲ್ಲಿ ಹೀಗೆ ದಾಖಲಿಸಿತು: 'ಸದರಿ ಮೀನು ಇತರ ಸಿಬ್ಬಂದಿಯೊಂದಿಗೆ ಹೊಂದಾಣಿಕೆಯಿಂದ ವರ್ತಿಸದ ಕಾರಣ 49 ನಗಗಳು ಆಂತರಿಕವಾಗಿ ವಿಲೇವಾರಿಯಾಗಿರುತ್ತವೆ.'

ವಿಜ್ಞಾನಿಗಳು 2004ರಲ್ಲಿ ಇದೇ ಜಾತಿಯ ಮೀನಿನ ಜೀನೋಮನ್ನು, ಎಂದರೆ ವಂಶವಾಹಿ ಮಾಹಿತಿಯ ಇಡೀ ಕಟ್ಟನ್ನು, ಓದಿದರು. ಬೆನ್ನುಮೂಳೆಯ ಪ್ರಾಣಿಗಳಲ್ಲೇ ಅತಿ ಚಿಕ್ಕ ಜೀನೋಮ್‌ಗಳಲ್ಲಿ ಒಂದು ಇದರದು, ಮನುಷ್ಯನದರ ಸುಮಾರು ಎಂಟನೇ ಒಂದು ಪಾಲು. ಕಚೇರಿಯಲ್ಲಿ ಮೀನಿನ ಹೆಸರಿನ ಕಡತ ಮಾತ್ರ ಮೂರೇ ವಾರದಲ್ಲಿ ನಾಲ್ಕು ಬೆರಳು ದಪ್ಪವಾಗಿತ್ತು.

ಈ ಸಲ ನೋಡಿದಾಗ ಮೀನಿನ ಹೊಟ್ಟೆ ಬೂದಿ ಬಣ್ಣಕ್ಕೆ ತಿರುಗಿತ್ತು. ಉಪ್ಪು ಬೇಕು ಎಂದೆ. ನದಿ ಸಮುದ್ರ ಸೇರುವ ಅಳಿವೆಯ ಮೀನು ಇದು. ಅಂಗಡಿಯವರು ಸಿಹಿನೀರಲ್ಲಿಟ್ಟು ಮಾರುತ್ತಾರೆ, ಕೊಂಡವರು ಸಿಹಿನೀರಲ್ಲೇ ಇಡುತ್ತಾರೆ, ಅದು ಸವೆಯುತ್ತ ಹೋಗುತ್ತದೆ. ಸಮುದ್ರದ ಮೀನಿಗೆಂದೇ ಸಿಗುವ ಉಪ್ಪನ್ನು ಲೀಟರಿಗೆ ಏಳೆಂಟು ಗ್ರಾಂ ಆಗುವಷ್ಟು, ಅದೂ ಒಮ್ಮೆಲೇ ಅಲ್ಲ, ಕೆಲವು ವಾರಗಳಲ್ಲಿ ಏರಿಸಬೇಕು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂತಾರೆ. ಇದು ನೀರು ಕುಡಿದು ಕುಡಿದು ಉಪ್ಪಿಗೆ ಕಾಯುತ್ತಿತ್ತು. ಮೂರು ಕೊಟೇಶನ್ ಕರೆಯಬೇಕು ಎಂದರು. ಬಸವನಹುಳು ಬೇಕು ಎಂದೆ. ಪಫರ್‌ನ ನಾಲ್ಕು ಹಲ್ಲು ಕೂಡಿ ಗಿಳಿಯ ಕೊಕ್ಕಿನಂತಾಗಿ ಬದುಕಿಡೀ ಬೆಳೆಯುತ್ತಿರುತ್ತವೆ. ಗಟ್ಟಿ ಚಿಪ್ಪು ಕಚ್ಚಿ ಸವೆಸದಿದ್ದರೆ ಕೊನೆಗೆ ಬಾಯಿ ತೆರೆಯಲಾಗದೆ ಉಪವಾಸ ಸಾಯುತ್ತದೆ. ಹುಳು ಖರೀದಿಗೆ ಲೆಕ್ಕಶೀರ್ಷಿಕೆ ಇಲ್ಲ ಎಂದರು. ಜವಾನ ಒಬ್ಬನೇ ಬುದ್ಧಿವಂತ. 'ತಿನ್ನಾಕ ಬರ್ತೈತೇನ್ರಿ ಇದು?' ಎಂದು ಕೇಳಿದ. ವಿಷ ಇರ್ತದೆ, ಟೆಟ್ರೊಡೊಟಾಕ್ಸಿನ್ ಅಂತ, ಅದಕ್ಕೆ ಪ್ರತಿಮದ್ದೇ ಇಲ್ಲ ಎಂದೆ. ಅವನು ಗೌರವದಿಂದ ಎರಡು ಹೆಜ್ಜೆ ಹಿಂದೆ ಸರಿದ.

ಕೊನೆಗೆ ದಾರಿ ತೋರಿಸಿದ್ದೂ ಕಡತವೇ. ಮೀನನ್ನು ಕೊಡುವಂತಿಲ್ಲ, ಸರ್ಕಾರಿ ಆಸ್ತಿ. ಮಾರುವಂತಿಲ್ಲ, ಹರಾಜು ಕರೆಯಬೇಕು. ಆದ್ದರಿಂದ 'ಮುಂದಿನ ಆದೇಶದವರೆಗೆ ನಿಯೋಜನೆ ಮೇರೆಗೆ' ನನ್ನ ಮನೆಗೆ ಕಳಿಸಿದರು. ಮೇವಿನ ಖರ್ಚು ನಿಯೋಜಿತ ಸ್ಥಳದವರದ್ದು.

ಈಗ ಅದು ನಮ್ಮ ನಡುಮನೆಯಲ್ಲಿದೆ. ನನ್ನ ಹಳೆಯ ತೊಟ್ಟಿಯ ಮಾಗಿದ ಸ್ಪಂಜನ್ನೇ ಇದರ ಫಿಲ್ಟರಿಗೆ ಹಾಕಿದೆ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುತ್ತೇನೆ. ಮೇ ತಿಂಗಳ ಬಿಸಿಲಿಗೆ ನೀರಿನ ಮೇಲೆ ಟೇಬಲ್ ಫ್ಯಾನ್ ತಿರುಗಿಸಿದೆವು, ನಾವು ಬೀಸಣಿಕೆ ಹಿಡಿದೆವು. ಅಡುಗೆಮನೆಯ ಕಿಟಕಿಯಲ್ಲಿ ಉಪ್ಪಿನಕಾಯಿ ಬರಣಿ ಖಾಲಿಮಾಡಿ ನನ್ನ ಹೆಂಡತಿ ಬಸವನಹುಳು ಸಾಕುತ್ತಿದ್ದಾಳೆ, ಬೇಯಿಸಿದ ಹೀರೇಕಾಯಿ ಸಿಪ್ಪೆ ಹಾಕಿ. ಒಂದು ಹುಳು ಬಿಟ್ಟರೆ ಉಬ್ಬಪ್ಪ (ಅವಳಿಟ್ಟ ಹೆಸರು) ಅದರ ಸುತ್ತ ಹೆಲಿಕಾಪ್ಟರಿನಂತೆ ನಿಂತಲ್ಲೇ ನಿಲ್ಲುತ್ತಾನೆ. ಹುಳು ಚಿಪ್ಪಿನಿಂದ ಇಣುಕುವ ತನಕ ತಾಳ್ಮೆ. ಆಮೇಲೆ ಕಟ್. ಆ ಸದ್ದು ಟಿವಿ ಹಚ್ಚಿದ್ದರೂ ಕೇಳುತ್ತದೆ. ಹೊಟ್ಟೆ ಮತ್ತೆ ಬೆಳ್ಳಗಾಗಿದೆ. ಬಂದಾಗಿನಿಂದ ಒಮ್ಮೆಯೂ ಉಬ್ಬಿಲ್ಲ.

ತಿಂಗಳಿಗೊಮ್ಮೆ ಕಚೇರಿಗೆ ಅವನ ಜೀವಂತ ಪ್ರಮಾಣಪತ್ರ ಸಲ್ಲಿಸಬೇಕು. ಅಂದಿನ ಪೇಪರನ್ನು ಗಾಜಿಗೆ ಹಿಡಿದು, ತಾರೀಖು ಕಾಣುವಂತೆ ಫೋಟೋ. ಪಫರ್‌ಗಳು ಬೇಕೆಂದಾಗ ಕಣ್ಣು ಮುಚ್ಚಬಲ್ಲವು, ಮೀನುಗಳಲ್ಲಿ ಇದು ಅಪರೂಪ. ಹೋದ ತಿಂಗಳು ನಾನು ಮುಖಪುಟ ಹಿಡಿಯುತ್ತಿದ್ದಂತೆ ಅವನು ಪೇಪರಿನ ಕಡೆಯ ಕಣ್ಣು ಮುಚ್ಚಿಕೊಂಡ. ಫೋಟೋ ವಾಪಸ್ ಬಂದಿದೆ, ಷರಾ ಸಮೇತ: 'ಎರಡೂ ಕಣ್ಣು ತೆರೆದಿರತಕ್ಕದ್ದು. ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ ಮರುಸಲ್ಲಿಸುವುದು.'