ಮೇಲಿನವರ ಭತ್ತ, ಕೆಳಗಿನವರ ಬಡಿದಾಟ

ನಿನ್ನೆ ರಾತ್ರಿ ಊರಲ್ಲಿದ್ದೆ. ಎರಡು ಗಂಟೆ ಹೊತ್ತಿಗೆ ಕಾಕಾ ಟಾರ್ಚ್ ಹಿಡಿದು ತೂಬಿನ ಕಡೆ ಹೊರಟರು. ನಾನೂ ಹಿಂದೆ ಹೋದೆ. ಪಕ್ಕದ ಹೊಲದವರು ಮೊದಲೇ ಸಲಿಕೆ ಹಿಡಿದು ನಿಂತಿದ್ದರು. ಇಬ್ಬರದೂ ಒಂದೇ ಮಾತು, "ಇವತ್ತು ನನ್ನ ಪಾಳಿ." ಮೊಹರಂನಲ್ಲಿ ಒಟ್ಟಿಗೆ ಹೆಜ್ಜೆ ಹಾಕುವವರು. ಕೊರಳಪಟ್ಟಿ ಹಿಡಿದದ್ದು ಪಾದವೂ ಮುಳುಗದ ನೀರಿಗೆ!

ನಮ್ಮದು ಯಾದಗಿರಿ ಜಿಲ್ಲೆ, ಶಹಾಪುರ ಶಾಖಾ ಕಾಲುವೆಯ ಕೊನೇ ಭಾಗ. ನೀರು ಬರುವುದು ಕೃಷ್ಣಾ ನದಿಯ ನಾರಾಯಣಪುರ ಅಣೆಕಟ್ಟೆಯಿಂದ. ನಾರಾಯಣಪುರ ಎಡದಂಡೆ ಕಾಲುವೆ 78 ಕಿ.ಮೀ. ಆದಮೇಲೆ ಶಾಖಾ ಕಾಲುವೆಯೇ ಇನ್ನೊಂದು 76 ಕಿ.ಮೀ. ಅಷ್ಟುದ್ದ ಮೇಲಿನವರು ಬೆಳೆಯುವುದೇನು? ಭತ್ತ. ಈ ಕಾಲುವೆ ಮಾಡಿದ್ದೇ ಜೋಳ, ತೊಗರಿ, ಶೇಂಗಾ, ಹತ್ತಿಗೆ. ಭತ್ತ ಹಾಕಬೇಡಿ ಅಂತ ಪೇಪರಿನಲ್ಲಿ ಪ್ರಕಟಣೆ ಬರುತ್ತದೆ. ಅದೇ ಪೇಪರು ಹಾಸಿಕೊಂಡು ಗದ್ದೆ ಬದುವಿನ ಮೇಲೆ ಬುತ್ತಿ ಬಿಚ್ಚುತ್ತಾರೆ.

ವಾರಾಬಂದಿ, ಅಂದರೆ ಕಾಲುವೆಗೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ಬಂದ್ ಮಾಡುವ ಪಾಳಿ, ಇದೆಯಲ್ಲ ಅಂತೀರಿ. ಇದೆ ಸ್ವಾಮಿ. ನೀರು ನಮ್ಮ ತನಕ ಬರುವ ಹೊತ್ತಿಗೆ ಗೇಟ್ ಬಂದ್ ಮಾಡುವ ದಿನ ಬಂದಿರುತ್ತದೆ. ಮೆಣಸಿನ ಗಿಡ ಹೂ ಉದುರಿಸುತ್ತದೆ. ಮೇಲೆ ಗದ್ದೆಯಲ್ಲಿ ನೀರು ಸುಮ್ನೆ ನಿಂತಿರುತ್ತದೆ.

"ಕಾಲುವೆ ಪಕ್ಕದ ನೆಲ ಜೌಗು ಹಿಡಿದಿದೆ, ಭತ್ತ ಬಿಟ್ಟು ಬೇರೇನೂ ಬರಲ್ಲ" ಅನ್ನುತ್ತಾರೆ. ಇರಬಹುದು. ಜೌಗು ಹಿಡಿಸಿದ್ದು ಯಾರಪ್ಪಾ? ವರ್ಷಕ್ಕೆ ಎರಡು ಬೆಳೆ ಭತ್ತ ಹಾಕಿದವರೇ ಅಲ್ವಾ?

ಕಾಲುವೆ ನೀರು ಕದಿಯುವುದನ್ನು ತಡೆಯಲು 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿಯೂ ಆಯಿತು. ನಿನ್ನೆ ಬರುವಾಗ ಬಸ್ಸಿನ ಕಿಟಕಿಯಿಂದ ಕಾಲುವೆಗೆ ಇಳಿಬಿಟ್ಟ ಪೈಪು ಎಣಿಸಿದೆ. ಹನ್ನೊಂದಕ್ಕೆ ಬಿಟ್ಟುಬಿಟ್ಟೆ.

ಜಗಳ ಹೇಗೋ ತಣ್ಣಗಾಯಿತು. ಅರ್ಧರ್ಧ ತಾಸು ಅಂತ ಒಪ್ಪಿದರು. ಬರುವಾಗ ಕಾಕಾ ಅಂದರು, "ಸಿಟ್ಟು ಮ್ಯಾಲಿನವರ ಮ್ಯಾಲೆ. ಅವರು ಕೈಗೆ ಸಿಗಂಗಿಲ್ಲ, ಇವ ಸಿಗ್ತಾನ."

ಇನ್ನೊಂದು ಹೇಳದೇ ಹೋದರೆ ತಪ್ಪಾಗುತ್ತದೆ. ನಮ್ಮಕ್ಕನನ್ನು ಕೊಟ್ಟಿದ್ದು ಹುಣಸಗಿ ಕಡೆ, ಅಂದರೆ ಮೇಲಿನವರ ಮನೆಗೇ. ಕಾಲುವೆ ಪಕ್ಕದಲ್ಲೇ ಗದ್ದೆ. ಕಲಬುರಗಿಯ ನನ್ನ ಬಾಡಿಗೆ ಮನೆಯಲ್ಲಿ ಬೇಯುವುದು ಅವರದೇ ಅಕ್ಕಿ. ಕಾಕಾನಿಗೂ ಇದು ಗೊತ್ತು. ಒಂದು ದಿನವೂ ಆಡಿ ತೋರಿಸಿಲ್ಲ.

ಬೆಳಿಗ್ಗೆ ಅಕ್ಕನ ಫೋನ್ ಬಂತು. "ತಮ್ಮಾ, ಅಕ್ಕಿ ಹಾಕ್ಸೀವಿ. ಎರಡು ಚೀಲ ಕಳಸ್ಲೇನು?"

ಬೇಡ ಅನ್ನುವ ಮಾತು ಬಾಯಿ ತನಕ ಬಂತು. ಕಾಕಾ ಎದುರಿಗೇ ಕೂತು ಚಹಾ ಕುಡಿಯುತ್ತಿದ್ದರು.

"ಒಂದು ಸಾಕು" ಅಂದೆ.