ಒಂದು ಸೆಕೆಂಡಿನ ಸದ್ದು

ಕೋಲಾರದ ಹಳೆಯ ಮನೆಗಳಲ್ಲಿ ಬೀರುವಿನ ಮೇಲಿನ ಖಾನೆಯನ್ನು ತಡಕಿದರೆ, ಮಡಿಚಿಟ್ಟ ರೇಷ್ಮೆ ಸೀರೆಗಳ ಹಿಂದೆ ಚರ್ಮದ ಚೀಲದೊಳಗೆ ಕ್ಯಾಮೆರಾವೊಂದು ಕುಳಿತಿರುವುದು ಅಪರೂಪವೇನಲ್ಲ. ಕೆಲವೊಮ್ಮೆ ಅದರ ಪಕ್ಕದಲ್ಲಿ ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಹೆಸರಿನ ಫಿಲ್ಮ್ ರೋಲೊಂದು ಪೊಟ್ಟಣ ಒಡೆಯದೆ ಉಳಿದಿರುತ್ತದೆ. ಇಂಥವನ್ನು ಹುಡುಕಿಕೊಂಡು ಹೋಗುವ ನನ್ನಂಥವರಿಗೆ ಕಾಫಿಯ ಜೊತೆಗೇ ಬರುವ ಪ್ರಶ್ನೆ ಒಂದೇ: “ತಾತನ ಕಾಲದ್ದು ಸ್ವಾಮಿ, ಎಷ್ಟು ಬರಬಹುದು?” ಹಳತಾದಷ್ಟೂ ಗುಣ ಹೆಚ್ಚಲು ಇದು ಹುಣಸೆಹಣ್ಣಲ್ಲ ಎಂದು ಆಗ ಹೇಳುವುದು ಅತಿಥಿಗೆ ಸಲ್ಲದ ಮಾತು.

120 ಎಂಬ ಅಳತೆಯ ಫಿಲ್ಮ್ ರೋಲಿನಲ್ಲಿ 12 ಚೌಕ ಚಿತ್ರ ಕೊಡುತ್ತಿದ್ದ ಆಗ್ಫಾ ಕ್ಲಿಕ್ 3, ಒಂದು ತಲೆಮಾರಿನ ನಾಮಕರಣಗಳನ್ನೂ ಪ್ರವಾಸಗಳನ್ನೂ ಸೆರೆಹಿಡಿದ ಕ್ಯಾಮೆರಾ. ಮನೆಮನೆಯಲ್ಲೂ ಇದ್ದುದರಿಂದಲೇ ಅದಕ್ಕೆ ದೊಡ್ಡ ಬೆಲೆಯಿಲ್ಲ. 1970ರಲ್ಲಿ ಬಂದ, ಒಂದರ ಮೇಲೊಂದು ಎರಡು ಲೆನ್ಸಿರುವ ಯಾಷಿಕಾ ಮ್ಯಾಟ್ 124 ಜಿ ಸಿಕ್ಕರೆ ಮಾತು ಬೇರೆ. 2001ರಲ್ಲಿ ಗಣಿ ಮುಚ್ಚಿದ ಕೆಜಿಎಫ್‌ನ ಕಡೆಗೆ ಹೋದರೆ ಮಡಚುವ ಕ್ಯಾಮೆರಾಗಳೂ ಕಣ್ಣಿಗೆ ಬೀಳುತ್ತವೆ.

ಆದರೆ ಹೆಸರು ನೋಡಿ ಬೆಲೆ ಕಟ್ಟುವವರೊಡನೆ ನನಗೆ ಜಗಳವಿದೆ. ನಾನು ಮೊದಲು, ಫಿಲ್ಮಿಗೆ ಬೆಳಕು ಬಿಡಲು ತೆರೆದು ಮುಚ್ಚುವ ಶಟರ್‌ನ ವೇಗವನ್ನು ಒಂದು ಸೆಕೆಂಡಿಗೆ ತಿರುಗಿಸಿ, ಗುಂಡಿಯೊತ್ತಿ, ಕಿವಿಗೊಡುತ್ತೇನೆ. ಒಳಗಿನ ಪುಟ್ಟ ಹಲ್ಲುಚಕ್ರಗಳ ಸಾಲು ‘ಜರ್‍ರ್’ ಎಂದು ಒಂದೇ ಲಯದಲ್ಲಿ ಓಡಿ, ಟಕ್ಕೆಂದು ನಿಂತರೆ ಯಂತ್ರಕ್ಕೆ ಆರೋಗ್ಯವಿದೆಯೆಂದು ಅರ್ಥ. ನಡುವೆ ಏದುಸಿರು ಬಿಟ್ಟರೆ, ವರ್ಷಗಟ್ಟಲೆ ಅಲುಗಾಡದೆ ಹಳೆಯ ಎಣ್ಣೆ ಅಂಟಾಗಿದೆಯೆಂದು ತಿಳಿಯಬೇಕು. ಬಳಿಕ ವೇಗವನ್ನು, ಗುಂಡಿ ಒತ್ತಿರುವಷ್ಟು ಹೊತ್ತೂ ಶಟರ್ ತೆರೆದೇ ಇರುವ ‘ಬಿ’ಗೆ ತಂದು, ಗುಂಡಿಯನ್ನು ಒತ್ತಿಹಿಡಿದು, ಹಿಂಬದಿಯಿಂದ ಓರೆಯಾಗಿ ಟಾರ್ಚ್ ಹಾಯಿಸಿದರೆ, ಲೆನ್ಸಿನ ಅಂಚಿನಿಂದ ಒಳಕ್ಕೆ ಎಳೆಎಳೆಯಾಗಿ ಕವಲೊಡೆದ ಬಿಳಿಯ ಬೂಷ್ಟು ಕಾಣಿಸಬಹುದು. ಬಯಲುಸೀಮೆಯ ಒಣಹವೆ ಇದನ್ನು ಒಂದಿಷ್ಟು ತಡೆಯುತ್ತದೆ, ನಿಜ. ಆದರೆ ಭದ್ರವಾಗಿರಲೆಂದು ತೊಡಿಸಿದ ಚರ್ಮದ ಚೀಲವೇ ಮಳೆಗಾಲದ ತೇವವನ್ನು ಹೀರಿ ಬೂಷ್ಟಿಗೆ ಆಶ್ರಯ ಕೊಡುತ್ತದೆ. ಬೂಷ್ಟು ಲೆನ್ಸಿನ ಲೇಪನವನ್ನು ಕೊರೆದುಬಿಟ್ಟರೆ ಎಷ್ಟು ಒರೆಸಿದರೂ ಕಲೆ ಹೋಗುವುದಿಲ್ಲ.

ಆದ್ದರಿಂದ ಸೀರೆಯ ಹಿಂದೆ ಹೊಳಪು ಮಾಸದೆ ಕುಳಿತದ್ದಕ್ಕಿಂತ, ಮೈಯ ಕಪ್ಪು ಬಣ್ಣ ಮೂಲೆಗಳಲ್ಲಿ ಸವೆದು ಹಿತ್ತಾಳೆ ಇಣುಕುವ ನಿಕಾನ್ ಎಫ್‌ಗೆ ನಾನು ಒಂದು ನೋಟು ಹೆಚ್ಚು ಕೊಟ್ಟೇನು. ಬೆರಳು ತಾಗುವ ಕಡೆಯೇ ಬಣ್ಣ ಹೋಗಿದ್ದರೆ, ಅದನ್ನು ಯಾರೋ ದಿನವೂ ದುಡಿಸಿದ್ದಾರೆ; ದುಡಿದ ಯಂತ್ರಕ್ಕೆ ಕೀಲು ಹಿಡಿಯುವುದು ಕಡಿಮೆ. 1982ರ ನಿಕಾನ್ ಎಫ್‌ಎಂ2ನಂಥ ಕ್ಯಾಮೆರಾದಲ್ಲಿ ಬ್ಯಾಟರಿ ಸತ್ತರೂ ಬೆಳಕು ಅಳೆಯುವ ಮೀಟರ್ ಮಾತ್ರ ನಿಲ್ಲುತ್ತದೆಯೇ ಹೊರತು, ಶಟರ್ ತನ್ನ ಎಲ್ಲ ವೇಗಗಳಲ್ಲೂ ಓಡುತ್ತಿರುತ್ತದೆ. ಇದನ್ನು ಹೇಳಿದಾಗ ಮೊಬೈಲ್ ಹಿಡಿದ ಮೊಮ್ಮಕ್ಕಳು ನನ್ನನ್ನೂ ಕ್ಯಾಮೆರಾವನ್ನೂ ಸರದಿಯಂತೆ ನೋಡುತ್ತಾರೆ.

ಈ ಪರೀಕ್ಷೆಯಿಂದ ವ್ಯವಹಾರಕ್ಕೆ ಮಾತ್ರ ನಷ್ಟ. ಕೆಟ್ಟುಹೋಗಿದೆಯೆಂದು ಅಗ್ಗಕ್ಕೆ ಕೊಡಲು ಸಿದ್ಧರಾಗಿದ್ದವರು, ನಾಲ್ಕಾರು ಬಾರಿ ಒತ್ತಿದ ಮೇಲೆ ಶಟರ್ ಸರಾಗವಾಗಿ ಓಡತೊಡಗಿತೆಂದರೆ, ಕ್ಯಾಮೆರಾವನ್ನು ನನ್ನ ಕೈಯಿಂದ ಮೆಲ್ಲನೆ ತೆಗೆದುಕೊಂಡು, “ಇರಲಿ ಬಿಡಿ, ತಾತನದು” ಎನ್ನುತ್ತಾರೆ. ಮೊದಲು ಬೆಲೆ ಮಾತಾಡಿ ಆಮೇಲೆ ಗುಂಡಿಯೊತ್ತುವುದು ಜಾಣತನವೆಂದು ಸಂಗ್ರಾಹಕ ಮಿತ್ರರು ಬುದ್ಧಿ ಹೇಳಿದ್ದಾರೆ. ಅವರ ಕಪಾಟುಗಳು ತುಂಬಿವೆ. ನನ್ನದರಲ್ಲಿ ಇನ್ನೂ ಪುಸ್ತಕಗಳಿಗೆ ಜಾಗವಿದೆ.