ಹಳದಿ ಎಲೆಗೆ ಎಐ ಕೊಡುವ ಔಷಧಿ

ಕಾಫಿ ಗಿಡ ಹಳದಿ ತಿರುಗಿದರೆ ಫೋಟೊ ಹೊಡೆದು ಎಐಗೆ ಕೇಳುವವರು ನಮ್ಮ ಕೊಡಗಿನಲ್ಲೂ ಜಾಸ್ತಿಯಾಗುತ್ತಿದ್ದಾರೆ. ಕೇಳಲಿ. ಆದರೆ ಆ ಫೋಟೊದಲ್ಲಿ ಎಷ್ಟೋ ಸಲ ಉತ್ತರವೇ ಇರುವುದಿಲ್ಲ. ಅದು ಎಐಗೆ ಹೊಳೆಯುವುದೂ ಕಷ್ಟ.

ಅರೇಬಿಕಾ ಗಿಡ ಸಾರಜನಕ ಕಡಿಮೆಯಾದರೂ ಹಳದಿ, ಬುಡದಲ್ಲಿ ನೀರು ನಿಂತರೂ ಹಳದಿ, ಬೇರು ಕೊಳೆತರೂ ಹಳದಿ, ಕಾಂಡದೊಳಗೆ ಬೋರರ್ ಹುಳು ಕೊರೆಯುತ್ತಿದ್ದರೂ ಹಳದಿ. ಅನುಭವವಿರುವ ತೋಟದ ಮೇಸ್ತ್ರಿ ಎಲೆ ನೋಡಿ ಅಲ್ಲಿಗೇ ನಿಲ್ಲುವುದಿಲ್ಲ. ಒಂದೇ ಗಿಡಕ್ಕೆ ಹೀಗಾಗಿದೆಯೋ, ಇಡೀ ಪಟ್ಟೆಗೋ ಎಂದು ಸುತ್ತ ಕಣ್ಣಾಡಿಸುತ್ತಾರೆ. ಆಮೇಲೆ ಕಾಂಡದ ಮೇಲೆ ಕೈಯಾಡಿಸುತ್ತಾರೆ. ತೊಗಟೆಯ ಸುತ್ತ ಉಬ್ಬಿದ ಗೆರೆ ಸಿಕ್ಕಿದರೆ ಅದು ಬೋರರ್. ಗಿಡ ಕಿತ್ತು ಸುಡುವುದೇ ದಾರಿ. ಯೂರಿಯಾ ಹಾಕಿ ಕಾಯುತ್ತಾ ಕೂತರೆ ಯೂರಿಯಾ ದುಡ್ಡು ಹೋಗುವುದು ಸಣ್ಣ ನಷ್ಟ. ಏಪ್ರಿಲ್-ಮೇಯಲ್ಲೋ, ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೋ ಅದೇ ಗಿಡದಿಂದ ದುಂಬಿ ಹೊರಬಂದು ಪಕ್ಕದ ಗಿಡಗಳ ತೊಗಟೆಯಲ್ಲಿ ಮೊಟ್ಟೆ ಇಡುತ್ತದೆ.

ಮನುಷ್ಯನ ಬುದ್ಧಿ ಇಲ್ಲಿ ಮಾಡಿದ್ದೇನು? ತನಗೆ ಏನು ಗೊತ್ತಿಲ್ಲ ಎಂದು ಗುರುತಿಸಿ, ಅದನ್ನು ತಿಳಿಯಲು ಕೈ ಎಲ್ಲಿ ಇಡಬೇಕೆಂದು ನಿರ್ಧರಿಸಿತು. ಸಾಮಾನ್ಯ ಫೋಟೊ ಆ್ಯಪ್‌ಗೆ ಈ ಗುಣವಿಲ್ಲ. ಐದು ರೋಗ ಕಲಿಸಿದ್ದರೆ ಅದು ನೂರು ಪರ್ಸೆಂಟ್ ಸಂಭವವನ್ನು ಆ ಐದಕ್ಕೇ ಹಂಚುತ್ತದೆ. ‘ಇದು ಯಾವುದೂ ಅಲ್ಲ’ ಎನ್ನಲು ಬೇರೆಯಾಗಿ ಕಲಿಸಿರದಿದ್ದರೆ ನಾಯಿಯ ಫೋಟೊ ಹಾಕಿದರೂ ಒಂದು ರೋಗದ ಹೆಸರು ಬರುತ್ತದೆ.

ಎಲೆಯ ಫೋಟೊ ನೋಡಿ ರೋಗ ಗುರುತಿಸಲು ಎಐಗೆ ಕಲಿಸಿದ ಪ್ಲಾಂಟ್‌ವಿಲೇಜ್ ಅಧ್ಯಯನ 2016ರಲ್ಲಿ ಪ್ರಕಟವಾಯಿತು, ಈ ಕ್ಷೇತ್ರದಲ್ಲಿ ತುಂಬ ಪ್ರಸಿದ್ಧ. 54,306 ಎಲೆ ಚಿತ್ರಗಳು, 14 ಬೆಳೆ, 26 ರೋಗ. ಅದೇ ಸಂಗ್ರಹದಿಂದ ಬದಿಗಿಟ್ಟಿದ್ದ ಚಿತ್ರಗಳ ಮೇಲೆ ಶೇ. 99.35 ಸರಿ ಉತ್ತರ. ಬೇರೆ ಪರಿಸ್ಥಿತಿಯಲ್ಲಿ ತೆಗೆದ ಚಿತ್ರ ಕೊಟ್ಟಾಗ ಸುಮಾರು ಶೇ. 31ಕ್ಕೆ ಇಳಿಯಿತು. ಜಾಹೀರಾತಿಗೆ ಬರುವುದು ಮೊದಲನೇ ಅಂಕಿ, ತೋಟಕ್ಕೆ ಬರುವುದು ಎರಡನೆಯದು. ಅಂದ ಹಾಗೆ, ಆ 14 ಬೆಳೆಗಳಲ್ಲಿ ಕಾಫಿ ಇಲ್ಲ.

ಮಾತಾಡುವ ಎಐಗಳ ತೊಂದರೆ ಇನ್ನೊಂದು ಬಗೆಯದು. ಓದಿದ ರಾಶಿ ಬರಹದಲ್ಲಿ ಯಾವ ಪದದ ನಂತರ ಯಾವುದು ಬರುತ್ತದೆಂದು ಕಲಿತೇ ಅವು ತಯಾರಾಗಿವೆ. ಹಾಗಾಗಿ ಹೆಚ್ಚು ಬರೆದಿರುವ ಕಡೆಗೇ ವಾಲುತ್ತವೆ. ಬ್ರೆಜಿಲ್‌ನ ಕಾಫಿ ಹೆಚ್ಚಾಗಿ ಬಿಸಿಲಲ್ಲಿ ಬೆಳೆಯುವಂಥದು. ಅಲ್ಲಿನ ಲೆಕ್ಕ ಹಿಡಿದು ‘ನೆರಳಿನ ಮರ ತೆಗೆದರೆ ಇಳುವರಿ ಹೆಚ್ಚು’ ಎಂದು ಇಲ್ಲಿ ಹೇಳಿದರೆ ಅನಾಹುತ. ಬೋರರ್ ದುಂಬಿಗೆ ಬಿಸಿಲು ಬಿದ್ದ ಕಾಂಡವೇ ಇಷ್ಟ.

ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣದ ವಿಷಯವೂ ಹಾಗೆಯೇ. ಎಲೆ ತುಕ್ಕು ರೋಗಕ್ಕೆ ಅರ್ಧ ಪರ್ಸೆಂಟ್ ಬೇಕಾದಲ್ಲಿ, 200 ಲೀಟರ್ ಬ್ಯಾರಲ್‌ಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಹೆಚ್ಚಿನ ಕಡೆ ಬರೆದಿರುವುದು ಒಂದು ಪರ್ಸೆಂಟಿನದ್ದೇ ಆದ್ದರಿಂದ ಎಐ ಅದನ್ನೇ ಒಪ್ಪಿಸುವ ಸಂಭವ ಇದೆ. ಅಳತೆ ಸರಿಯಾಗಿ ಹೇಳಿತು ಎಂದೇ ಇಟ್ಟುಕೊಳ್ಳಿ, ಗಾಳಿ ಹಿಡಿದ ಹಳೇ ಸುಣ್ಣಕ್ಕೆ ಆ ಅಳತೆ ಸಾಲದು. ಹೊಳೆಯುವ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆದಾಗ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಹಾಗೆಯೇ ಹೊಡೆದರೆ ಎಲೆ ಸುಡುತ್ತದೆ. ಚಾಕು ಪರೀಕ್ಷೆಯನ್ನು ಎಐ ಕೂಡ ವಿವರಿಸುತ್ತದೆ. ಆದರೆ ನಿಮ್ಮ ಬ್ಯಾರಲ್‌ನಲ್ಲಿ ಏನಾಯಿತು ಅನ್ನುವುದು ನೀವು ಹೇಳುವ ತನಕ ಅದಕ್ಕೆ ಗೊತ್ತಾಗದು. ಹೇಳಿದರೂ ಆ ಒಂದು ಮಾತುಕತೆಯಿಂದ ಮಾಡೆಲ್ ತಿದ್ದಿಕೊಳ್ಳುವುದಿಲ್ಲ. ಹೊಸದಾಗಿ ಕೇಳುವ ಪಕ್ಕದ ತೋಟದವರಿಗೆ ಮತ್ತದೇ ಉತ್ತರ.

ಮನುಷ್ಯರೂ ತಪ್ಪುತ್ತಾರೆ, ಹಟವನ್ನೂ ಮಾಡುತ್ತಾರೆ. ಆದರೆ ಗಿಡ ಸತ್ತ ಮೇಲೆ ಕಾಂಡ ಸೀಳಿ ಒಳಗೆ ನೋಡುವವರು ಅವರೇ.

ಎಐ ಬಳಸುವುದಾದರೆ ‘ಇದು ಯಾವ ರೋಗ?’ ಎಂದು ಕೇಳಬೇಡಿ. ‘ಹೀಗಾಗಲು ಏನೇನು ಕಾರಣ ಇರಬಹುದು, ಒಂದೊಂದನ್ನೂ ತೋಟದಲ್ಲಿ ಹೇಗೆ ಪರೀಕ್ಷಿಸಬೇಕು?’ ಎಂದು ಕೇಳಿ. ಅರೇಬಿಕಾವೋ ರೋಬಸ್ಟಾವೋ, ಗಿಡದ ವಯಸ್ಸು, ನೆರಳು, ಈಚಿನ ಮಳೆ, ಕೊನೆಯ ಗೊಬ್ಬರ ಮತ್ತು ಸ್ಪ್ರೇ, ಕಾಂಡದಲ್ಲಿ ಗೆರೆ ಇದೆಯೋ ಇಲ್ಲವೋ ಎಲ್ಲ ಬರೆಯಿರಿ. ಔಷಧಿಯ ಪ್ರಮಾಣವನ್ನು ಮಾತ್ರ ಡಬ್ಬಿಯ ಲೇಬಲ್ಲಿನಿಂದಲೋ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರಿಂದಲೋ ಖಚಿತಪಡಿಸಿಕೊಂಡೇ ಬ್ಯಾರಲ್‌ಗೆ ಹಾಕಿ.